ಸೊಂಟದ ಡಿಸ್ಕ್ ನೋವು: ತೊಂದರೆ ಎಲ್ಲಿದೆ ಎಂದು ಲಕ್ಷಣ ನೋಡಿ ಹುಡುಕುವ ಬಗೆ

ಸೊಂಟ ಹಿಡಿದುಕೊಂಡ ಕೂಡಲೇ ಮನೆಯಲ್ಲಿ ಕೇಳುವ ಮೊದಲ ಮಾತು, "ಡಿಸ್ಕ್ ಜಾರಿರಬೇಕು, ಸ್ಕ್ಯಾನ್ ಮಾಡಿಸು". ಸ್ಕ್ಯಾನ್ ಆಗುತ್ತದೆ, ಸಾವಿರಾರು ರೂಪಾಯಿ ಹೋಗುತ್ತದೆ, ವರದಿಯಲ್ಲಿ ಹೆದರಿಸುವ ನಾಲ್ಕು ಪದ ಬರುತ್ತವೆ. ನೋವು ಮಾತ್ರ ಇದ್ದಲ್ಲೇ ಇರುತ್ತದೆ.

ಡಿಸ್ಕ್ ಎಷ್ಟು ಸವೆದಿದೆ ಎಂಬುದಕ್ಕೂ ಅದು ಎಷ್ಟು ನೋಯುತ್ತದೆ ಎಂಬುದಕ್ಕೂ ನೇರ ಲೆಕ್ಕ ಇಲ್ಲ. ಅಲ್ಲಿ ಉರಿಯೂತ ಇದೆಯಾ, ಆ ಉರಿಯೂತ ಒಳಗೆ ನರಗಳನ್ನು ಬೆಳೆಸಿದೆಯಾ ಎಂಬುದೇ ದೊಡ್ಡ ಪ್ರಶ್ನೆ. ಇದು ಮಾಮೂಲಿ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ನೋವು ಯಾವಾಗ ಬರುತ್ತದೆ, ಏನು ಮಾಡಿದರೆ ಜಾಸ್ತಿ, ಎಲ್ಲಿಗೆ ಇಳಿಯುತ್ತದೆ ಎಂದು ಗಮನಿಸಿದರೆ ಸುಮಾರು ಸುಳಿವು ಸಿಗುತ್ತದೆ. ಅದಕ್ಕೇ ಈ ಬರಹವನ್ನು ಲಕ್ಷಣ ಹಿಡಿದುಕೊಂಡು ಬರೆದಿದ್ದೇನೆ. ನಿಮಗೆ ಹೊಂದುವ ಲಕ್ಷಣ ಹುಡುಕಿ ಓದಿ. ಆದರೆ ಮೊದಲ ಭಾಗವನ್ನು ಎಲ್ಲರೂ ಓದಲೇಬೇಕು.

ಇವುಗಳಲ್ಲಿ ಒಂದಿದ್ದರೂ ಓದುವುದು ನಿಲ್ಲಿಸಿ, ಆಸ್ಪತ್ರೆಗೆ ಹೊರಡಿ

ಮೂತ್ರ ಕಟ್ಟಿದೆ, ಅಥವಾ ಗೊತ್ತಾಗದೆ ಸೋರುತ್ತಿದೆ. ಮಲ ಹಿಡಿತಕ್ಕೆ ಸಿಗುತ್ತಿಲ್ಲ. ಸೈಕಲ್ ಸೀಟಿನ ಮೇಲೆ ಕೂತಾಗ ತಾಗುವ ಜಾಗ ಮರಗಟ್ಟಿದೆ, ತೊಳೆದುಕೊಳ್ಳುವಾಗ ಸ್ಪರ್ಶ ಗೊತ್ತಾಗುತ್ತಿಲ್ಲ. ಎರಡೂ ಕಾಲು ಬಲ ಕಳೆದುಕೊಳ್ಳುತ್ತಿವೆ. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋದಾಗ ಹೀಗಾಗುತ್ತದೆ. ಇಲ್ಲಿ ಗಂಟೆಗಳ ಲೆಕ್ಕ. ತಡವಾದರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು. ರಾತ್ರಿಯಾದರೂ 108ಕ್ಕೆ ಕರೆ ಮಾಡಿ, ಎಂಆರ್‌ಐ ಮತ್ತು ನರಶಸ್ತ್ರಚಿಕಿತ್ಸೆ ಎರಡೂ ಇರುವ ಆಸ್ಪತ್ರೆಗೇ ಹೋಗಿ. ನಾಚಿಕೆಯಿಂದ ಈ ಲಕ್ಷಣಗಳನ್ನು ಮನೆಯವರಿಗೂ ಹೇಳದೆ ಇರುವವರು ತುಂಬಾ ಜನ. ದಯವಿಟ್ಟು ಹೇಳಿ.

ಇನ್ನೂ ಕೆಲವು ಇವೆ. ಬಿದ್ದು ಅಥವಾ ಅಪಘಾತವಾಗಿ ಶುರುವಾದ ನೋವು. ಮೂಳೆ ಸವೆದ ವಯಸ್ಸಾದವರಿಗೆ, ದೀರ್ಘಕಾಲ ಸ್ಟಿರಾಯ್ಡ್ ತಗೊಂಡವರಿಗೆ ದಿಢೀರನೆ ಬಂದ ನೋವು. ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ನೋವು. ಜ್ವರದ ಜೊತೆ ಬೆನ್ನು ನೋವು. ಇವಕ್ಕೂ ಮನೆಮದ್ದು ಬೇಡ, ಅವತ್ತೇ ವೈದ್ಯರಿಗೆ ತೋರಿಸಿ.

ಒಳಗೆ ಏನಾಗುತ್ತದೆ

ಎರಡು ಬೆನ್ನೆಲುಬುಗಳ ನಡುವೆ ಇರುವ ಮೆತ್ತೆ ಡಿಸ್ಕ್. ನಡುವೆ ನೀರು ಹಿಡಿದ ಮೃದು ತಿರುಳು, ಸುತ್ತ ಗಟ್ಟಿ ನಾರಿನ ಉಂಗುರ. ದೊಡ್ಡವರ ಮೈಯಲ್ಲಿ ರಕ್ತನಾಳವೇ ಇಲ್ಲದ ಅತಿ ದೊಡ್ಡ ಭಾಗ ಇದು. ಆಹಾರ, ಆಮ್ಲಜನಕ ಎರಡೂ ಪಕ್ಕದ ಮೂಳೆಯಿಂದ ನಿಧಾನಕ್ಕೆ ಇಂಗಿ ಬರಬೇಕು. ನರಗಳೂ ಹಾಗೆಯೇ. ಆರೋಗ್ಯವಾಗಿರುವ ಡಿಸ್ಕ್‌ನಲ್ಲಿ ಉಂಗುರದ ಹೊರಗಿನ ಮೂರನೇ ಒಂದು ಭಾಗದವರೆಗೆ ಮಾತ್ರ ನರ ಇರುತ್ತದೆ. ತಿರುಳಿನಲ್ಲಿ ಏನೂ ಇಲ್ಲ. ಅಂದರೆ ಒಳಗೆ ಏನೇ ನಡೆದರೂ ಮೆದುಳಿಗೆ ಸುದ್ದಿ ಮುಟ್ಟುವುದಿಲ್ಲ.

ನರ ಒಳಗೆ ಬರದಂತೆ ತಡೆಯುವ ವಸ್ತುಗಳೂ ಅಲ್ಲೇ ಇವೆ. ತಿರುಳಿನಲ್ಲಿ ನೀರು ಹಿಡಿದಿಡುವ ಆಗ್ರೆಕಾನ್ ಎಂಬ ದೊಡ್ಡ ಅಣುವೇ ನರದ ತುದಿಯನ್ನು ಹಿಂದಕ್ಕೆ ತಿರುಗಿಸುತ್ತದೆ. ಸೆಮಾಫೊರಿನ್ ಎಂಬ ಇನ್ನೊಂದು ಪ್ರೋಟೀನ್ ಕೂಡ ಇದೇ ಕೆಲಸ ಮಾಡುತ್ತದೆ. ಡಿಸ್ಕ್ ಸವೆದು ಉಂಗುರದಲ್ಲಿ ಸೀಳು ಬಿದ್ದಾಗ ಅಲ್ಲಿನ ಜೀವಕೋಶಗಳು ಉರಿಯೂತದ ರಾಸಾಯನಿಕ ಬಿಡಲು ಶುರುಮಾಡುತ್ತವೆ. ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್ 1 ಬೀಟಾ ಇವುಗಳಲ್ಲಿ ಮುಖ್ಯವಾದವು. ಇವು ಎರಡು ಕೆಲಸ ಮಾಡುತ್ತವೆ. ಒಂದು, ಆಗ್ರೆಕಾನ್ ಕತ್ತರಿಸುವ ಕಿಣ್ವಗಳನ್ನು ಹೆಚ್ಚಿಸುತ್ತವೆ. ಎರಡು, ನರ ಬೆಳೆಸುವ ಪ್ರೋಟೀನ್ ಆದ ಎನ್‌ಜಿಎಫ್ ಅನ್ನು ಜಾಸ್ತಿ ಮಾಡಿಸುತ್ತವೆ. ಬೇಲಿ ಬಿದ್ದ ಹೊಲದಲ್ಲಿ ಹಸಿರು ಮೇವೂ ಕಂಡರೆ ದನ ನುಗ್ಗದೆ ಇರುತ್ತದೆಯೇ? ಸೀಳಿನ ಜಾಗದಲ್ಲಿ ಹೊಸ ರಕ್ತನಾಳ ಬೆಳೆಯುತ್ತದೆ, ಅದರ ಜೊತೆಗೇ ಸಣ್ಣ ನರಗಳೂ ಒಳಗೆ ಬರುತ್ತವೆ.

ಇದನ್ನು ಸ್ಪಷ್ಟವಾಗಿ ತೋರಿಸಿದ್ದು ಮ್ಯಾಂಚೆಸ್ಟರ್‌ನ ಫ್ರೀಮಾಂಟ್ ಮತ್ತು ಸಂಗಡಿಗರು. 1997ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅವರ ವರದಿಯಲ್ಲಿ, ದೀರ್ಘಕಾಲ ಬೆನ್ನು ನೋವಿದ್ದವರ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಡಿಸ್ಕ್‌ಗಳ ಒಳಭಾಗದಲ್ಲಿ, ಕೆಲವರ ತಿರುಳಿನಲ್ಲೂ, ನರಗಳು ಸಿಕ್ಕವು. ಅವುಗಳಲ್ಲಿ ನೋವಿನ ಸುದ್ದಿ ಸಾಗಿಸುವ ಸಬ್‌ಸ್ಟೆನ್ಸ್ ಪಿ ಕೂಡ ಇತ್ತು. ನೋಯಬೇಕಾಗಿಯೇ ಇಲ್ಲದ ಜಾಗಕ್ಕೆ ನೋವಿನ ತಂತಿ ಬಂದು ಸೇರಿತ್ತು.

ಎನ್‌ಜಿಎಫ್ ನರವನ್ನು ಬೆಳೆಸುವುದಷ್ಟೇ ಅಲ್ಲ, ಇರುವ ನರವನ್ನು ಅತಿಸೂಕ್ಷ್ಮವಾಗಿಯೂ ಮಾಡುತ್ತದೆ. ಮೊದಲು ಗೊತ್ತೇ ಆಗದಿದ್ದ ಸಣ್ಣ ಒತ್ತಡವೂ ಆಮೇಲೆ ನೋವಾಗುತ್ತದೆ. ನರ ಬೆಳೆಯಲು ದಿನಗಟ್ಟಲೆ, ವಾರಗಟ್ಟಲೆ ಬೇಕು. ಸೂಕ್ಷ್ಮವಾಗಲು ಅಷ್ಟು ಸಮಯ ಬೇಕಿಲ್ಲ.

ಲಕ್ಷಣ: ಏನೋ ಎತ್ತಿದೆ, ಸೊಂಟ ಹಿಡಿದುಕೊಂಡಿತು, ಇನ್ನೂ ಎರಡು ವಾರ ಆಗಿಲ್ಲ

ಕಾಲಿಗೆ ಇಳಿಯದ, ಜೋಮು ಇಲ್ಲದ, ಸೊಂಟದಲ್ಲೇ ಇರುವ ನೋವಾದರೆ ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಇಲ್ಲಿ ಮಾಡಬೇಕಾದ ಪರೀಕ್ಷೆಗೆ ಒಂದು ರೂಪಾಯಿಯೂ ಖರ್ಚಿಲ್ಲ. ದಿನಾ ಒಂದೇ ಹೊತ್ತಿಗೆ, ಎಷ್ಟು ದೂರ ನಡೆಯಲು ಆಗುತ್ತದೆ, ಎಷ್ಟು ಹೊತ್ತು ಕೂರಲು ಆಗುತ್ತದೆ ಎಂದು ಬರೆದಿಡಿ. ಅಂಕಿ ಮುಂದೆ ಹೋಗುತ್ತಿದ್ದರೆ ನೋವು ಪೂರ್ತಿ ಹೋಗದಿದ್ದರೂ ದಾರಿ ಸರಿ ಇದೆ.

ಹಾಸಿಗೆ ಹಿಡಿಯಬೇಡಿ. ತುಂಬಾ ನೋವಿದ್ದರೆ ಒಂದೆರಡು ದಿನ ಮಲಗಿ, ಆಮೇಲೆ ಏಳಿ. ಡಿಸ್ಕ್‌ಗೆ ಆಹಾರ ಇಂಗಬೇಕಾದರೆ ಅಲ್ಲಿ ಒತ್ತಡ ಏರಿ ಇಳಿಯುತ್ತಿರಬೇಕು, ಅದು ನಡೆದಾಡಿದರೆ ಆಗುತ್ತದೆ. ಬಿಸಿ ಶಾಖ ಕೊಟ್ಟರೆ ಸ್ನಾಯುವಿನ ಬಿಗಿ ಸಡಿಲಾಗುತ್ತದೆ. ಸಕ್ಕರೆ ಕಾಯಿಲೆ ಇದ್ದು ಸ್ಪರ್ಶ ಕಡಿಮೆಯಾಗಿದ್ದರೆ ಶಾಖದ ಚೀಲ ಎಷ್ಟು ಬಿಸಿ ಇದೆ ಎಂದು ಬೇರೆಯವರು ಮುಟ್ಟಿ ನೋಡಲಿ. ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ.

ಮಾತ್ರೆಯ ವಿಷಯ. ಪ್ಯಾರಾಸಿಟಮಾಲ್ ಹೊಸ ಸೊಂಟ ನೋವಿಗೆ ಬೇಗ ಗುಣ ಕೊಡುವುದಿಲ್ಲ ಎಂದು 2014ರ ದೊಡ್ಡ ಪರೀಕ್ಷೆಯೊಂದರಲ್ಲಿ ಗೊತ್ತಾಗಿದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ತರದ ಮಾತ್ರೆಗಳು ಉರಿಯೂತ ಇಳಿಸುತ್ತವೆ, ಸ್ವಲ್ಪ ಆರಾಮ ಕೊಡುತ್ತವೆ. ಆದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ ಇರುವವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮಳೆಗಾಲದಲ್ಲಿ ಜ್ವರದ ಜೊತೆ ಮೈಕೈ ಬೆನ್ನು ನೋವು ಬಂದರೆ ಅದು ಡೆಂಗಿ ಇರಬಹುದು. ಡೆಂಗಿಯಲ್ಲಿ ಈ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ಹೆಸರಿಲ್ಲದ ಪುಡಿ, ಚೀಟಿ ಇಲ್ಲದ ಮಾತ್ರೆ ನುಂಗಬೇಡಿ. ಎರಡು ದಿನದಲ್ಲಿ ಜಾದೂ ತರ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಇರುವ ಸಾಧ್ಯತೆ ಇದೆ. ಒಳಗೆ ಕ್ಷಯ ಇದ್ದರೆ ಸ್ಟಿರಾಯ್ಡ್ ಅದನ್ನು ಮುಚ್ಚಿಟ್ಟು ಬೆಳೆಸುತ್ತದೆ. ಉಳುಕು ತೆಗೆಸುವುದೂ ಅಷ್ಟೇ. ಮೇಲಿಂದ ಎಣ್ಣೆ ಹಚ್ಚಿ ನೀವಿದರೆ ತೊಂದರೆ ಇಲ್ಲ. ಬೆನ್ನಿನ ಮೇಲೆ ಕಾಲಿಟ್ಟು ತುಳಿಯುವುದು, ಕಾಲು ಹಿಡಿದು ಎಳೆಯುವುದು ಬೇಡ. ಕಾಲಿನಲ್ಲಿ ಜೋಮು ಇದ್ದರಂತೂ ಖಂಡಿತ ಬೇಡ.

ಲಕ್ಷಣ: ಕೂತರೆ, ಬಗ್ಗಿದರೆ, ಕೆಮ್ಮಿದರೆ ಜಾಸ್ತಿ. ಎದ್ದು ಓಡಾಡಿದರೆ ಸ್ವಲ್ಪ ಹಾಯಿ

ಇದು ಡಿಸ್ಕ್‌ನಿಂದಲೇ ಬರುವ ನೋವಿನ ಗುರುತು. ನಡು ಸೊಂಟದಲ್ಲಿ ಆಳವಾಗಿ, ಮಂದವಾಗಿ ಇರುತ್ತದೆ. ಬೆರಳಿಟ್ಟು ಇಲ್ಲೇ ಎಂದು ತೋರಿಸಲು ಆಗುವುದಿಲ್ಲ, ಅಂಗೈ ಇಟ್ಟು ತೋರಿಸುತ್ತಾರೆ. ಪೃಷ್ಠದವರೆಗೆ, ಕೆಲವೊಮ್ಮೆ ತೊಡೆಯ ಸಂದಿವರೆಗೆ ಹರಡಬಹುದು, ಮೊಣಕಾಲು ದಾಟುವುದು ಕಡಿಮೆ. ಕೂತಾಗ, ಬಗ್ಗಿದಾಗ ಡಿಸ್ಕ್‌ನ ಹಿಂಭಾಗ ಹಿಗ್ಗುತ್ತದೆ. ಸೀಳು ಇರುವುದು ಸಾಮಾನ್ಯವಾಗಿ ಅಲ್ಲೇ, ಹೊಸ ನರ ನುಗ್ಗುವುದೂ ಅದೇ ದಾರಿಯಲ್ಲಿ.

ಪರೀಕ್ಷೆ ಸುಲಭ. ಮೂರು ದಿನ ಬೆಳಗ್ಗೆ ಎದ್ದ ಮೇಲೆ ಒಂದೆರಡು ಗಂಟೆ ಸೊಂಟ ಬಗ್ಗಿಸಬೇಡಿ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಬೆಳಗ್ಗೆ ಬಗ್ಗಿದರೆ ಅದಕ್ಕೆ ಬೀಳುವ ಒತ್ತಡ ಜಾಸ್ತಿ. ಕಸ ಗುಡಿಸುವುದು, ರಂಗೋಲಿ, ಬಗ್ಗಿ ಶೂ ಕಟ್ಟುವುದು ಸ್ವಲ್ಪ ತಡವಾಗಲಿ ಅಥವಾ ಬೇರೆಯವರು ಮಾಡಲಿ. ನೋವು ಇಳಿದರೆ ಡಿಸ್ಕ್ ಮೇಲಿನ ಅನುಮಾನ ಬಲವಾಗುತ್ತದೆ. ದೀರ್ಘ ನೋವಿದ್ದವರಲ್ಲಿ ಬೆಳಗಿನ ಬಗ್ಗುವಿಕೆ ಕಡಿಮೆ ಮಾಡಿಸಿ ನೋವಿನ ದಿನಗಳು ಇಳಿದದ್ದನ್ನು 1998ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ.

ಭಾರ ಎತ್ತುವ ರೀತಿಯನ್ನೂ ನೋಡಿಕೊಳ್ಳಿ. ಜರ್ಮನಿಯಲ್ಲಿ 1999ರಲ್ಲಿ ಒಬ್ಬ ಸ್ವಯಂಸೇವಕನ ಡಿಸ್ಕ್ ಒಳಗೇ ಅಳತೆಯ ಸಾಧನ ಇಟ್ಟು ಒತ್ತಡ ನೋಡಿದರು. ನಿಂತಾಗ 0.5 ಮೆಗಾಪ್ಯಾಸ್ಕಲ್ ಇತ್ತು. 20 ಕೆಜಿ ಭಾರವನ್ನು ಬೆನ್ನು ಬಾಗಿಸಿ ಎತ್ತಿದಾಗ 2.3 ಆಯಿತು. ಮೊಣಕಾಲು ಮಡಿಸಿ ಎತ್ತಿದಾಗ 1.7. ಅದೇ ಭಾರವನ್ನು ಮೈಗೆ ಒತ್ತಿ ಹಿಡಿದಾಗ 1.1. ನಮ್ಮ ಮನೆಗಳಿಗೆ ಬರುವ 20 ಲೀಟರ್ ನೀರಿನ ಕ್ಯಾನ್ ಹತ್ತಿರ ಹತ್ತಿರ ಇದೇ ತೂಕ. ಅದನ್ನು ಡಿಸ್ಪೆನ್ಸರ್ ಮೇಲೆ ಇಡುವ ಕೆಲಸ ಸೊಂಟ ನೋವಿದ್ದವರಿಗೆ ಬೇಡವೇ ಬೇಡ.

ಬೀಡಿ, ಸಿಗರೇಟು ಬಿಡುವುದು ಇಲ್ಲಿ ಸುಮ್ನೆ ಹೇಳುವ ಬುದ್ಧಿಮಾತಲ್ಲ. ಮೊದಲೇ ರಕ್ತ ಕಡಿಮೆ ತಲುಪುವ ಜಾಗ ಇದು. ಹೊಗೆ ಅಂಚಿನ ಸಣ್ಣ ರಕ್ತನಾಳಗಳನ್ನೂ ಬಿಗಿಯುತ್ತದೆ.

ಆರು ವಾರ ಹೀಗೆ ನೋಡಿಕೊಂಡರೂ ಕೂರುವ ಹೊತ್ತು ಜಾಸ್ತಿಯಾಗದಿದ್ದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗಿ. ಯಂತ್ರದ ಶಾಖ, ಕರೆಂಟು ಕೊಟ್ಟು ಕಳಿಸುವವರಲ್ಲ, ವ್ಯಾಯಾಮ ಕಲಿಸಿ ಪ್ರತಿ ವಾರ ಹೆಚ್ಚಿಸುವವರು ಬೇಕು.

ಲಕ್ಷಣ: ನೋವು ಕಾಲಿಗೆ ಇಳಿಯುತ್ತದೆ, ಚಳಕು, ಜೋಮು

ಇಲ್ಲಿ ಕತೆ ಬೇರೆ. ಡಿಸ್ಕ್‌ನ ತಿರುಳು ಹೊರಗೆ ಬಂದು ಕಾಲಿಗೆ ಹೋಗುವ ನರದ ಬುಡವನ್ನು ತಾಗಿದೆ. ಸಯಾಟಿಕಾ ಎನ್ನುವುದು ಇದನ್ನೇ. ಒತ್ತಿಹೋಗಿರುವುದರಿಂದಲೇ ನೋವು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? 1993ರಲ್ಲಿ ಸ್ವೀಡನ್‌ನ ಓಲ್‌ಮಾರ್ಕರ್ ಮತ್ತು ಸಂಗಡಿಗರು ಹಂದಿಯ ನರದ ಬುಡದ ಮೇಲೆ ತಿರುಳನ್ನು ಒತ್ತದೆ ಬರೀ ಇಟ್ಟು ನೋಡಿದರು. ಅಷ್ಟಕ್ಕೇ ನರದ ಕೆಲಸ ಕುಂಠಿತವಾಯಿತು. ತಿರುಳಿನ ರಾಸಾಯನಿಕವೇ ನರವನ್ನು ಕೆರಳಿಸುತ್ತದೆ. ಒತ್ತಡವೂ ಸೇರಿದರೆ ಇನ್ನೂ ಜಾಸ್ತಿ.

ಈಗ ಮನೆಯಲ್ಲೇ ನೋಡಿ. ಗೋಡೆಯ ಪಕ್ಕ ನಿಂತು ಹಿಮ್ಮಡಿ ಮೇಲೆ ಹತ್ತು ಹೆಜ್ಜೆ ನಡೆಯಿರಿ, ಆಮೇಲೆ ತುದಿಗಾಲಲ್ಲಿ ಹತ್ತು ಹೆಜ್ಜೆ. ಹಿಮ್ಮಡಿ ನಡಿಗೆಯಲ್ಲಿ ಪಾದ ಕೆಳಗೆ ಬೀಳುತ್ತಿದ್ದರೆ, ಹೆಬ್ಬೆರಳು ಮೇಲೆತ್ತಲು ಬಲ ಇಲ್ಲದಿದ್ದರೆ, ಪಾದದ ಮೇಲ್ಭಾಗ ಮರಗಟ್ಟಿದ್ದರೆ ತೊಂದರೆ ಇರುವುದು ಐದನೇ ಸೊಂಟದ ನರದಲ್ಲಿ. ತುದಿಗಾಲಲ್ಲಿ ಏಳಲು ಆಗದಿದ್ದರೆ, ಕಿರುಬೆರಳಿನ ಕಡೆ ಜೋಮು ಇದ್ದರೆ ಅದರ ಕೆಳಗಿನದು. ಮೆಟ್ಟಿಲು ಹತ್ತುವಾಗ ಮೊಣಕಾಲು ಕುಸಿಯುತ್ತಿದ್ದರೆ ಮೇಲಿನದು. ಅಂಗಾತ ಮಲಗಿ ಮೊಣಕಾಲು ಮಡಿಸದೆ ಕಾಲು ಎತ್ತಿದಾಗ, ಅರ್ಧ ದಾರಿಯಲ್ಲೇ ಮೊಣಕಾಲಿನ ಕೆಳಗೆ ಚಳಕು ಹೊಡೆದರೆ ನರದ ಬುಡ ಕೆರಳಿದೆ ಎಂದು ಅರ್ಥ. ಬರೀ ತೊಡೆಯ ಹಿಂದೆ ಎಳೆದರೆ ಅದು ಸ್ನಾಯು ಇರಬಹುದು. ಬಲವಂತವಾಗಿ ಎತ್ತಬೇಡಿ.

ನೋವು, ಜೋಮು ಮಾತ್ರ ಇದ್ದರೆ ಕಾಯಬಹುದು. ಆರರಿಂದ ಹನ್ನೆರಡು ವಾರದಲ್ಲಿ ಬಹಳ ಜನರಿಗೆ ಇಳಿಯುತ್ತದೆ. ಇಲ್ಲಿ ಉರಿಯೂತದ ಇನ್ನೊಂದು ಮುಖ ಕಾಣುತ್ತದೆ. ಹೊರಬಂದ ತಿರುಳನ್ನು ತಿಂದು ಕರಗಿಸುವುದೂ ಉರಿಯೂತದ ಜೀವಕೋಶಗಳೇ. ಪೂರ್ತಿ ಬೇರ್ಪಟ್ಟ ದೊಡ್ಡ ತುಂಡುಗಳು ಸಣ್ಣ ಉಬ್ಬುಗಳಿಗಿಂತ ಚೆನ್ನಾಗಿ ಕರಗುತ್ತವೆ. ಹಾಗಾಗಿ ವರದಿಯಲ್ಲಿ 'ದೊಡ್ಡ ತುಂಡು' ಎಂದು ಓದಿ ಎದೆ ಒಡೆದುಕೊಳ್ಳಬೇಡಿ.

ಆದರೆ ಬಲ ಕಡಿಮೆಯಾಗಿದ್ದರೆ ಕಾಯಬೇಡಿ. ಪಾದ ಎತ್ತಲು ಆಗದಿರುವುದು, ದಿನದಿಂದ ದಿನಕ್ಕೆ ಬಲ ಇಳಿಯುವುದು ಕಂಡರೆ ಅದೇ ದಿನ, ತಪ್ಪಿದರೆ ಮರುದಿನ ತಜ್ಞರನ್ನು ನೋಡಿ. ಇನ್ನೊಂದು ಎಚ್ಚರಿಕೆ: ಬಲ ಹೋಗುತ್ತಿರುವಾಗ ನೋವು ಥಟ್ಟನೆ ನಿಂತರೆ ಗುಣವಾಯಿತು ಎಂದುಕೊಳ್ಳಬೇಡಿ. ನರ ಕೆಲಸ ನಿಲ್ಲಿಸಿರಬಹುದು.

ಲಕ್ಷಣ: ಬೆಳಗ್ಗೆ ಎದ್ದರೆ ಮರದ ತರ ಬಿಗಿ, ಅರ್ಧ ಗಂಟೆ ಕಳೆದರೂ ಬಿಡುವುದಿಲ್ಲ

ವಯಸ್ಸು 45ಕ್ಕಿಂತ ಕಡಿಮೆ, ನೋವು ನಿಧಾನಕ್ಕೆ ಶುರುವಾಗಿ ಮೂರು ತಿಂಗಳು ದಾಟಿದೆ, ರಾತ್ರಿಯ ಎರಡನೇ ಅರ್ಧದಲ್ಲಿ ಎಚ್ಚರವಾಗುತ್ತದೆ, ಮಲಗಿದರೆ ಜಾಸ್ತಿ, ಓಡಾಡಿದರೆ ಕಡಿಮೆ. ಇದು ಡಿಸ್ಕ್ ಅಲ್ಲ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಇಲ್ಲೂ ಉರಿಯೂತವೇ, ಆದರೆ ಮೈಯ ರೋಗನಿರೋಧಕ ವ್ಯವಸ್ಥೆ ಮಾಡುವ ಉರಿಯೂತ. ಕಣ್ಣು ಕೆಂಪಾಗಿ ನೋವು ಬಂದಿದ್ದು, ಮನೆಯಲ್ಲಿ ಯಾರಿಗಾದರೂ ಇದೇ ತೊಂದರೆ ಇದ್ದದ್ದು ಸುಳಿವು. ರುಮಟಾಲಜಿಸ್ಟ್ (ಕೀಲುವಾತದ ತಜ್ಞರು) ಬಳಿ ಹೋಗಿ. ಡಿಸ್ಕ್ ಎಂದುಕೊಂಡು ವರ್ಷಗಟ್ಟಲೆ ಕಳೆದುಕೊಂಡರೆ ಬೆನ್ನೆಲುಬು ಬೆಸೆದುಕೊಂಡುಬಿಡಬಹುದು. ಬೇಗ ಹಿಡಿದರೆ ಒಳ್ಳೆಯ ಔಷಧಿಗಳಿವೆ.

ಲಕ್ಷಣ: ಸ್ವಲ್ಪ ನಡೆದರೆ ಕಾಲು ಸೋಲುತ್ತವೆ, ಬಗ್ಗಿದರೆ ಹಾಯಿ

ಅರವತ್ತರ ಆಚೆಯವರಲ್ಲಿ ಸಾಮಾನ್ಯ. ತಳ್ಳುಗಾಡಿ ಹಿಡಿದು ಬಗ್ಗಿ ನಡೆದರೆ ಎಷ್ಟು ದೂರವಾದರೂ ಹೋಗುತ್ತಾರೆ, ನೆಟ್ಟಗೆ ನಡೆದರೆ ಆಗುವುದಿಲ್ಲ. ಬೆನ್ನುಹುರಿಯ ದಾರಿ ಕಿರಿದಾಗಿದೆ ಎಂದರ್ಥ. ಡಿಸ್ಕ್ ನೋವಿನ ವ್ಯಾಯಾಮ ಇಲ್ಲಿಗೆ ಹೊಂದುವುದಿಲ್ಲ. ಸುಮ್ಮನೆ ನಿಂತರೆ ಸಾಕು, ಕೂರಬೇಕಾಗಿಲ್ಲ ಎಂದಾದರೆ ಕಾಲಿನ ರಕ್ತನಾಳದ ತೊಂದರೆಯನ್ನು ಮೊದಲು ಪರೀಕ್ಷಿಸಿ.

ಲಕ್ಷಣ: ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುತ್ತಿದೆ

ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯವನ್ನು ಮರೆಯುವ ಹಾಗಿಲ್ಲ. ಕೆಮ್ಮು ಇಲ್ಲದೆಯೂ ಬರುತ್ತದೆ. ಡಿಸ್ಕ್‌ನ ಪಕ್ಕದ ಮೂಳೆ ಅಂಚಿನಲ್ಲೇ ಶುರುವಾಗುವುದರಿಂದ ಮೊದಮೊದಲು ಮಾಮೂಲಿ ಡಿಸ್ಕ್ ನೋವಿನಂತೆಯೇ ಇರುತ್ತದೆ. ವಿಶ್ರಾಂತಿಯಲ್ಲೂ ಇಳಿಯದ, ರಾತ್ರಿ ಜಾಸ್ತಿಯಾಗುವ ನೋವು, ಬೆನ್ನಿನ ಒಂದು ಮೂಳೆ ಮೇಲೆ ತಟ್ಟಿದರೆ ಚೀರುವಷ್ಟು ನೋವು ಇದ್ದರೆ ತಡಮಾಡಬೇಡಿ. ಕ್ಷಯದ ಪರೀಕ್ಷೆ, ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ದನ, ಕುರಿ, ಮೇಕೆ ಸಾಕುವವರು, ಕಾಯಿಸದ ಹಾಲು ಕುಡಿಯುವವರು, ಕಂದು ಹಾಕಿದ (ಗರ್ಭಪಾತವಾದ) ಹಸುವಿನ ಆರೈಕೆ ಮಾಡಿದವರು ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಬ್ರುಸೆಲ್ಲಾ ಎಂಬ ಸೋಂಕೂ ಹೀಗೇ ಬೆನ್ನು ಹಿಡಿಯುತ್ತದೆ.

ಸ್ಕ್ಯಾನ್ ವರದಿ ಕೈಯಲ್ಲಿದೆ, ಏನು ಮಾಡಲಿ?

ಅಪಾಯದ ಲಕ್ಷಣ ಇದ್ದರೆ, ಬಲ ಕಡಿಮೆಯಾಗಿದ್ದರೆ, ಆರು ವಾರದ ಪ್ರಯತ್ನದ ನಂತರ ಇಂಜೆಕ್ಷನ್ ಅಥವಾ ಆಪರೇಷನ್ ಯೋಚನೆ ಇದ್ದರೆ ಎಂಆರ್‌ಐ ಬೇಕು. ಉಳಿದಂತೆ ಅದರಿಂದ ಗೊಂದಲವೇ ಜಾಸ್ತಿ. ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ 2015ರಲ್ಲಿ ಲೆಕ್ಕ ಹಾಕಿದಾಗ, 20ರ ವಯಸ್ಸಿನವರಲ್ಲೂ 37% ಜನರ ಡಿಸ್ಕ್ ಸವೆದಿತ್ತು, 80ರವರಲ್ಲಿ 96%. ಉಬ್ಬಿದ ಡಿಸ್ಕ್ 20ರಲ್ಲಿ 30%, 80ರಲ್ಲಿ 84%. ನಿಮ್ಮ ವರದಿಯಲ್ಲಿ 'ಬಲ್ಜ್' ಎಂದಿದ್ದರೆ ಅದು ನಿಮ್ಮ ಲಕ್ಷಣದ ಜೊತೆ, ಅದೇ ಕಾಲು, ಅದೇ ನರದ ಜೊತೆ ಹೊಂದುತ್ತದೆಯಾ ಎಂದು ಕೇಳಿ. ಹೊಂದದಿದ್ದರೆ ಅದಕ್ಕೆ ಚಿಕಿತ್ಸೆ ಬೇಡ.

'ಮೋಡಿಕ್ ಟೈಪ್ 1' ಎಂದು ಬರೆದಿದ್ದರೆ ಗಮನಿಸಿ. ಡಿಸ್ಕ್ ಪಕ್ಕದ ಮೂಳೆ ಅಂಚಿನಲ್ಲಿ ಉರಿಯೂತದ ಊತ ಇದೆ ಎಂದು ಅದರ ಅರ್ಥ. ನೋವಿನ ಜೊತೆ ಇದಕ್ಕೆ ಉಳಿದವಕ್ಕಿಂತ ಹತ್ತಿರದ ನಂಟು ಕಾಣುತ್ತದೆ. ಇದಕ್ಕೆ ಮೂರು ತಿಂಗಳು ಆಂಟಿಬಯೋಟಿಕ್ ಕೊಡುವ ಸಲಹೆ ಬಂದರೆ ಒಪ್ಪಬೇಡಿ ಎನ್ನುವುದೇ ನನ್ನ ಮಾತು. ನಾರ್ವೆಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಹೇಳಿಕೊಳ್ಳುವ ಲಾಭ ಸಿಗಲಿಲ್ಲ.

ಮೂರು ತಿಂಗಳು ದಾಟಿದೆ, ನೋವು ಹೋಗಿಲ್ಲ

ನರ ಒಳಗೆ ಬೆಳೆದಿದ್ದರೆ ಇಲ್ಲಿ ಅದು ಮುಖ್ಯವಾಗುತ್ತದೆ. ಬೆಳೆದ ನರವನ್ನು ವಾಪಸ್ ಕಳಿಸುವ ಮಾತ್ರೆ ಮಾರುಕಟ್ಟೆಯಲ್ಲಿ ಇಲ್ಲ. ಎನ್‌ಜಿಎಫ್ ಕಂಡುಹಿಡಿದ ರೀಟಾ ಲೆವಿ ಮೊಂಟಾಲ್ಚಿನಿ ಮತ್ತು ಸ್ಟಾನ್ಲಿ ಕೋಹೆನ್‌ಗೆ 1986ರಲ್ಲಿ ನೊಬೆಲ್ ಬಂತು. ಅದನ್ನು ತಡೆಯುವ ಟ್ಯಾನೆಜುಮ್ಯಾಬ್ ಎಂಬ ಇಂಜೆಕ್ಷನ್ ನೋವನ್ನು ಇಳಿಸಿತು ಕೂಡ. ಆದರೆ ಕೆಲವರ ಕೀಲುಗಳು ಬೇಗ ಹಾಳಾದವು. 2021ರಲ್ಲಿ ಅಮೆರಿಕದ ಔಷಧ ಸಲಹಾ ಸಮಿತಿ 19-1 ಮತಗಳಿಂದ ಬೇಡ ಎಂದಿತು, ಕಂಪನಿಗಳು ಕೈಬಿಟ್ಟವು. ಹಾಗಾಗಿ ಯಾರಾದರೂ 'ನರ ಒಣಗಿಸುವ ಹೊಸ ಔಷಧಿ' ಎಂದು ಮಾರಿದರೆ ದುಡ್ಡು ಕೊಡಬೇಡಿ.

ನರದ ಸೂಕ್ಷ್ಮತೆಯನ್ನು ಇಳಿಸುವುದು ಮಾತ್ರ ಸಾಧ್ಯ. ಸಹಿಸುವಷ್ಟು ಚಲನೆಯನ್ನು ದಿನಾ ಕೊಟ್ಟು ವಾರ ವಾರ ಸ್ವಲ್ಪ ಹೆಚ್ಚಿಸಬೇಕು. ನಿದ್ರೆ ಸರಿ ಮಾಡಿಕೊಳ್ಳಬೇಕು, ನಿದ್ರೆ ಕೆಟ್ಟರೆ ಅದೇ ನೋವು ಇಮ್ಮಡಿಯಾಗುತ್ತದೆ. ನಡಿಗೆಗೆ ಒಳ್ಳೆಯ ಸಾಕ್ಷಿ ಇದೆ. ಆಸ್ಟ್ರೇಲಿಯಾದಲ್ಲಿ ಸೊಂಟ ನೋವು ಬಂದು ವಾಸಿಯಾದ 701 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಂತ ಹಂತವಾಗಿ ನಡಿಗೆ ಹೆಚ್ಚಿಸಿದವರಲ್ಲಿ ಅರ್ಧದಷ್ಟು ಜನರಿಗೆ ನೋವು ಮರುಕಳಿಸಲು 208 ದಿನ ಹಿಡಿಯಿತು, ಇನ್ನೊಂದು ಗುಂಪಿನಲ್ಲಿ 112.

ಬೆನ್ನಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಕಾಲಿಗೆ ಇಳಿಯುವ ನೋವಿಗೆ ಕೆಲವು ವಾರ ಆರಾಮ ಕೊಡಬಹುದು. ಬರೀ ಸೊಂಟ ನೋವಿಗೆ ಅದರ ಮೇಲೆ ಭರವಸೆ ಬೇಡ. ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ ಸಕ್ಕರೆ ಏರುತ್ತದೆ, ಮೊದಲೇ ಹೇಳಿ. ಡಿಸ್ಕ್ ತುಂಡು ತೆಗೆಯುವ ಆಪರೇಷನ್ ಕೂಡ ಚೆನ್ನಾಗಿ ಸರಿಮಾಡುವುದು ಕಾಲಿನ ನೋವನ್ನು. ಸಹಿ ಹಾಕುವ ಮುಂಚೆ ಮೂರು ಪ್ರಶ್ನೆ ಕೇಳಿ: ನನ್ನ ಯಾವ ಲಕ್ಷಣ ಹೋಗುತ್ತದೆ? ಯಾವುದು ಉಳಿಯಬಹುದು? ಇನ್ನು ಆರು ವಾರ ಕಾದರೆ ಏನು ನಷ್ಟ? ಬಲ ಸರಿ ಇದ್ದು, ಮೂರನೆಯದಕ್ಕೆ 'ಏನೂ ಇಲ್ಲ' ಎಂಬ ಉತ್ತರ ಬಂದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ತಗೊಳ್ಳಿ.